ಸಿನಿ ಲೆನ್ಸ್ ಕೊಳ್ಳುವ ಮುನ್ನ ಅಳತೆ ಟೇಪ್ ಹಿಡಿಯಿರಿ

ಕಿರುಚಿತ್ರ ಮಾಡುವ ಹುಡುಗರು ಹೊಸ ಲೆನ್ಸ್ ತಂದ ಕೂಡಲೇ ಏನು ಮಾಡುತ್ತಾರೆ ಗೊತ್ತಾ? ಮಹಡಿ ಹತ್ತಿ ಎದುರುಮನೆಯ ತುಳಸಿಕಟ್ಟೆಗೆ ಫೋಕಸ್ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಹಿಗ್ಗಿಸಿ "ಎಷ್ಟು ಶಾರ್ಪ್ ಇದೆ ನೋಡಿ ಸರ್" ಎನ್ನುತ್ತಾರೆ. ಈಗ ಅಗ್ಗದ ಲೆನ್ಸ್‌ಗಳೂ ಸಾಕಷ್ಟು ಶಾರ್ಪ್ ಇವೆ. ಸ್ಯಾಮ್‌ಯಾಂಗ್‌ನ 35 ಎಂಎಂ ಫೋಟೊ ಲೆನ್ಸ್ ಎಫ್1.4, ಅದರದೇ ಸಿನಿ (ಚಲನಚಿತ್ರಕ್ಕೆಂದು ಮಾಡಿದ) ರೂಪ ಟಿ1.5. ಎಫ್ ಅಂದರೆ ಲೆಕ್ಕದ ತೆರಪು, ಟಿ ಅಂದರೆ ನಿಜವಾಗಿ ದಾಟಿಬರುವ ಬೆಳಕಿನ ಅಳತೆ. ಒಳಗಿನ ಗಾಜು ಒಂದೇ. ಹೊರಗೆ ಬದಲಾಗಿರುವುದು ಹಲ್ಲಿನ ಉಂಗುರ, ಕ್ಲಿಕ್ ಇಲ್ಲದೆ ತಿರುಗುವ ಅಪರ್ಚರ್ (ಬೆಳಕು ಬಿಡುವ ಕಿಂಡಿ), ಪಕ್ಕದಲ್ಲಿ ನಿಂತವನಿಗೆ ಕಾಣುವ ದೂರದ ಅಳತೆ ಗೆರೆಗಳು. ಪರೀಕ್ಷೆ ಮಾಡಬೇಕಾದದ್ದು ಇವನ್ನೇ ಅಲ್ವಾ?

ಮೊದಲು, ಲೆನ್ಸ್ ಅನ್ನು ಒಂದು ದಿನದ ಬಾಡಿಗೆಗೆ ತನ್ನಿ. ಅಂಗಡಿಯ ಕೌಂಟರಿನಲ್ಲಿ ಐದು ನಿಮಿಷ ನೋಡಿದರೆ ಏನೂ ತಿಳಿಯದು.

ಎರಡನೆಯದು ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ. ನಿಮ್ಮ ಕ್ಯಾಮೆರಾಗೇ ಹಾಕಿ, ಮೆಲ್ಲಗೆ ಅಲುಗಾಡಿಸಿ. ಲೊಡಲೊಡ ಅಂದರೆ ವಾಪಸ್ ಕೊಟ್ಟುಬಿಡಿ. ಸಿನಿಮಾ ಕ್ಯಾಮೆರಾಗಳ ಪಿಎಲ್ ಮೌಂಟ್‌ನಿಂದ ಸೆನ್ಸರ್‌ಗೆ 52 ಎಂಎಂ ದೂರ, ಸೋನಿ ಇ ಮೌಂಟ್‌ನಲ್ಲಿ 18. ಹಾಗಾಗಿ ಪಿಎಲ್ ಲೆನ್ಸ್ ಅನ್ನು ಸೋನಿಗೆ, ಉಳಿದ ಜಾಗದಲ್ಲಿ ಅಡಾಪ್ಟರ್ ಹಾಕಿ ಕೂರಿಸಬಹುದು, ಉಲ್ಟಾ ಆಗದು. ಆದರೆ ದಯವಿಟ್ಟು ಅಗ್ಗದ ಅಡಾಪ್ಟರ್ ತರಬೇಡಿ. ಅದು ಕೂದಲೆಳೆಯಷ್ಟು ದಪ್ಪ ಹೆಚ್ಚುಕಮ್ಮಿಯಾದರೂ ಲೆನ್ಸ್ ಮೇಲಿನ ಗೆರೆಗಳೆಲ್ಲ ಸುಳ್ಳು ಹೇಳುತ್ತವೆ. ಬೈಗುಳ ಮಾತ್ರ ಲೆನ್ಸ್‌ಗೆ.

ಮೂರನೆಯದೇ ಎಲ್ಲರೂ ಎಡವುವ ಜಾಗ: ಫೋಕಸ್ ರಿಂಗ್. ಇದಕ್ಕೆ ಒಂದು ಗಂಟೆ ಕೊಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಅಪರ್ಚರ್ ಪೂರ್ತಿ ತೆರೆಯಿರಿ. ಕ್ಯಾಮೆರಾದ ಮೈಮೇಲೆ ವೃತ್ತವನ್ನು ಒಂದು ಗೆರೆ ಸೀಳಿರುವ ಗುರುತು ಇರುತ್ತದೆ. ಸೆನ್ಸರ್ ಇರುವುದು ಅಲ್ಲಿ. ಟೇಪ್ ಹಿಡಿಯಬೇಕಾದದ್ದೂ ಅಲ್ಲಿಂದಲೇ. ಲೆನ್ಸ್‌ನ ಮೂತಿಯಿಂದ ಅಳೆದು "ಗೆರೆ ತಪ್ಪಿದೆ" ಎಂದು ಜಗಳಕ್ಕೆ ಹೋದವರನ್ನು ನಾನು ಕಂಡಿದ್ದೇನೆ.

ಸರಿಯಾಗಿ 4 ಅಡಿಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಸಣ್ಣ ಅಕ್ಷರದ ಕಡೆ. ಮಾನಿಟರ್ ನೋಡದೆ ರಿಂಗನ್ನು 4 ಅಡಿ ಗೆರೆಗೆ ತಂದು ನಿಲ್ಲಿಸಿ. ಈಗ ಹಿಗ್ಗಿಸಿ ನೋಡಿ. ಅಕ್ಷರ ಓದಲು ಬರುತ್ತಾ? ಹೀಗೇ 6, 8, 12 ಅಡಿಗೂ ಮಾಡಿ. ಎಲ್ಲವೂ ಒಂದೇ ದಿಕ್ಕಿನಲ್ಲಿ ತಪ್ಪಿದ್ದರೆ ಬಹುಶಃ ಮೌಂಟ್‌ನ ದೋಷ. ತೆಳು ತಗಡಿನ ಬಿಲ್ಲೆ ಇಟ್ಟು ಸರಿಮಾಡುವ ಮೆಕ್ಯಾನಿಕ್‌ಗಳಿದ್ದಾರೆ. ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಅಂದರೆ ಆ ಲೆನ್ಸ್ ಬೇಡವೇ ಬೇಡ.

ಇನ್ನೊಂದು ಸಂಗತಿ ಬಾಕಿ ಇದೆ. ಅದೇ 4 ಅಡಿ ಗೆರೆಗೆ ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಬನ್ನಿ. ಎರಡೂ ಸಲ ಅಕ್ಷರ ಒಂದೇ ಥರ ಕಾಣಬೇಕು. ಕಾಣದಿದ್ದರೆ ಒಳಗೆ ಸಡಿಲವಿದೆ ಅಂತ ಅರ್ಥ. ತಿರುಗಿಸುವ ದಿಕ್ಕು ಬದಲಿಸಿದಾಗ ಚಿತ್ರ ಪಕ್ಕಕ್ಕೆ ಚಂಗನೆ ಜಿಗಿದರೂ ಅದೇ ರೋಗ. 85 ಎಂಎಂ ಲೆನ್ಸ್ ಅನ್ನು ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಟಿ1.5ಕ್ಕೆ ಇಟ್ಟು 2 ಮೀಟರ್ ದೂರದ ಮುಖ ತೆಗೆದರೆ, ಸ್ಪಷ್ಟವಾಗಿ ಸಿಗುವುದು ಬರೀ 4–5 ಸೆಂಟಿಮೀಟರ್ ಆಳ. ಇಂಥ ಸಡಿಲ ಲೆನ್ಸ್ ನಂಬಿ ನಾನೊಮ್ಮೆ ಇಡೀ ದಿನ ಶೂಟ್ ಮಾಡಿದ್ದೆ. ಎಡಿಟಿಂಗ್‌ಗೆ ಕೂತಾಗ ನಾಯಕಿಯ ಕಿವಿಯೋಲೆ ಫಳಫಳ, ಕಣ್ಣು ಮಾತ್ರ ಮಂಜು.

ಹತ್ತಿರದ ಕೊನೆಯಿಂದ ದೂರದ ಕೊನೆಗೆ ರಿಂಗ್ ಎಷ್ಟು ತಿರುಗುತ್ತದೆ ಎಂದೂ ನೋಡಿ. ದುಬಾರಿ ಲೆನ್ಸ್‌ಗಳು 300 ಡಿಗ್ರಿ ಹತ್ತಿರ ತಿರುಗುತ್ತವೆ. ಒಬ್ಬರೇ ಕ್ಯಾಮೆರಾ ಹಿಡಿದು ಒಬ್ಬರೇ ಫೋಕಸ್ ಮಾಡುವವರಿಗೆ ಅಷ್ಟು ಬೇಡ, ಕೈ ತಿರುಚಿಹೋಗುತ್ತದೆ. ನನ್ನ ಕೇಳಿದರೆ 180 ಚೆನ್ನ. ಫಾಲೋ ಫೋಕಸ್ (ಹಲ್ಲುಚಕ್ರದಿಂದ ರಿಂಗ್ ತಿರುಗಿಸುವ ಸಾಧನ) ಬಳಸುವುದಾದರೆ ಹಲ್ಲುಗಳು 0.8 ಅಳತೆಯವೇ ಎಂದು ಕೇಳಿ. ಹಳೆಯ ಫೋಟೊ ಲೆನ್ಸ್‌ಗೆ ರಬ್ಬರ್ ಹಲ್ಲುಪಟ್ಟಿ ಸುತ್ತುವ ಉಪಾಯ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಶೂಟಿಂಗ್‌ಗೆ ಬೇಡ. ಬೆವರು ಕೈ ತಾಗಿದರೆ ಜಾರುತ್ತದೆ.

ನಾಲ್ಕನೆಯದು ಬ್ರೀದಿಂಗ್. ಫೋಕಸ್ ಬದಲಿಸುವಾಗ ಫ್ರೇಮ್ ಹಿಗ್ಗಿ ಕುಗ್ಗುತ್ತದಾ? ಬಾಗಿಲ ಚೌಕಟ್ಟನ್ನು ಅಂಚಿಗೆ ಇಟ್ಟು ನೋಡಿ. ಅಗ್ಗದ ಲೆನ್ಸ್‌ನಲ್ಲಿ ಸ್ವಲ್ಪ ಇದ್ದೇ ಇರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಐದನೆಯದು, ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಲೆನ್ಸ್‌ಗೆ ತೋರಿಸಿ. ಚಿತ್ರವೆಲ್ಲ ಬೆಳ್ಳಗಾದರೆ ರಾತ್ರಿ ದೃಶ್ಯಕ್ಕೆ ಆಗದು.

ಶಾರ್ಪ್‌ನೆಸ್ ಕೊನೆಗೆ ನೋಡಿ, ಅದೂ ಟಿ2.8ಕ್ಕೆ.

ಮೂರು ಲೆನ್ಸ್‌ನ ಸೆಟ್ ಕೊಳ್ಳುವುದಾದರೆ ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣದ ಹೊಂದಾಣಿಕೆ) ಬದಲಿಸದೆ ಮೂರರಲ್ಲೂ ಒಂದೇ ಬಿಳಿ ಗೋಡೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಂದು ಹಳದಿ, ಇನ್ನೊಂದು ಹಸಿರು ಕಂಡರೆ ಸೆಟ್ ಬೇಡ. ಇರುವುದರಲ್ಲಿ ಒಳ್ಳೆಯದೊಂದನ್ನು ತಂದು, ಮಿಕ್ಕದ್ದನ್ನು ಬಾಡಿಗೆಗೆ ತನ್ನಿ.