ನೋವು ಎದೇಲಿ, ಕೈ ಹಾಕಿದ್ದು ಬೆನ್ನಿಗೆ: ನನ್ನ ಅನುಭವ

ಎದೆನೋವಿನವರನ್ನ ಬೆನ್ನಿಂದ ಟ್ರೀಟ್ ಮಾಡ್ತೀನಿ ಅಂದಾಗ, ಕೈಯಿಂದಲೇ ಮೂಳೆ-ಕೀಲು ನೋವಿಗೆ ಟ್ರೀಟ್ ಮಾಡೋ ನಮ್ಮ ಫೀಲ್ಡ್‌ನವರೇ "ಸುಮ್ನಿರು ಮಾರಾಯ, ಇಲ್ಲದ ತಲೆನೋವು ತಂದ್ಕೋಬೇಡ" ಅಂದಿದ್ರು. ಈಗ ಹಾಗಂದ ಇಬ್ಬರೂ ತಮ್ಮ ಕೇಸ್ ನನ್ನ ಹತ್ರ ಕಳಿಸ್ತಾರೆ, ಅದಕ್ಕೇ ಬರೀತಿದೀನಿ.

ಇಸಿಜಿ, ಟ್ರೋಪೋನಿನ್ (ಹಾರ್ಟ್‌ಗೆ ಪೆಟ್ಟಾಗಿದ್ಯಾ ಅಂತ ತೋರಿಸೋ ರಕ್ತ ಪರೀಕ್ಷೆ) ಎಲ್ಲಾ ಆಗಿ ಹಾರ್ಟ್ ಡಾಕ್ಟ್ರು "ನಮ್ಮದಲ್ಲ" ಅಂತ ಬಿಟ್ಟವರನ್ನ ಮಾತ್ರ ನಾನು ಟೇಬಲ್ ಮೇಲೆ ಮಲಗಿಸೋದು. ಒತ್ತಿದ್ರೆ ನೋಯುತ್ತೆ, ಹಾಗಾಗಿ ಹಾರ್ಟ್ ಅಲ್ಲ ಅನ್ನೋ ಲೆಕ್ಕ ನಂಬಬೇಡಿ, ಹಾರ್ಟ್ ಅಟ್ಯಾಕ್ ಆಗಿರೋರಲ್ಲೂ ಕೆಲವರಿಗೆ ಒತ್ತಿದ್ರೆ ನೋಯುತ್ತೆ.

ಮೊದಲ 2 ವರ್ಷ ನಾನೂ ಎಲ್ಲರ ಹಾಗೆ ಎದೆಮೂಳೆ ಪಕ್ಕ 2ರಿಂದ 5ನೇ ಪಕ್ಕೆಲುಬು ಸೇರೋ ಜಾಗದಲ್ಲೇ ತಿಕ್ಕಿ ತಿಕ್ಕಿ ನೋಡ್ದೆ. ಮಾರನೇ ದಿನ ನೋವು ಡಬಲ್. ಮೊದಲ 10 ಜನರಲ್ಲಿ 7-8 ಜನ ಮೂರನೇ ಸಲಕ್ಕೆ ಬರೋದೇ ನಿಲ್ಲಿಸಿದ್ರು, ಇಬ್ಬರಿಗೆ ಫೀಸ್ ವಾಪಸ್ ಕೊಟ್ಟೆ. ತಪ್ಪು ಟೇಬಲ್‌ದು ಅನ್ಕೊಂಡು ಸಾಲ ಮಾಡಿ ಡ್ರಾಪ್ ಟೇಬಲ್ (ಒತ್ತಿದಾಗ ಒಂದು ಭಾಗ ಸ್ವಲ್ಪ ಕೆಳಗೆ ಬೀಳೋ ಟೇಬಲ್) ತಂದೆ, ಒಂದೂವರೆ ವರ್ಷ ದುಡಿದಿದ್ರಲ್ಲಿ ಅರ್ಧ ಅದರ ಕಂತಿಗೇ ಹೋಯ್ತು, ರಿಸಲ್ಟ್ ಮಾತ್ರ ಅಲ್ಲೇ ಇತ್ತು.

ಬೆನ್ನುನೋವಿಗೆ ಅಂತ ಬಂದ ಒಬ್ಬರನ್ನ ಬೋರಲು ಮಲಗಿಸಿ ಬೆನ್ನುಮೂಳೆಯಿಂದ ಎರಡು ಬೆರಳು ಆಚೆ 4ನೇ ಪಕ್ಕೆಲುಬಿನ ಮೇಲೆ ಒತ್ತಿದಾಗ "ಅಯ್ಯೋ, ಇದೇ, ನಂಗೆ ಎದೇಲಿ ಬರೋ ನೋವು ಇದೇ" ಅಂದ್ರು. ಅವತ್ತಿಂದ ಹಿಂದಿನ ಕೀಲು, ಅಂದ್ರೆ ಪಕ್ಕೆಲುಬು ಬೆನ್ನುಮೂಳೆಗೆ ಸೇರೋ ಜಾಗ, ನೋಡದೆ ಮುಂದೆ ಮುಟ್ಟೋದೇ ಬಿಟ್ಟೆ. ನನ್ನ ನಂಬಿಕೆ ಇಷ್ಟು, ಹಿಂದೆ ಬಿಗಿದುಕೊಂಡ ಪಕ್ಕೆಲುಬಿನ ಕೆಲಸ ಮುಂದಿನ ಮೃದ್ವಸ್ಥಿ ಮೇಲೆ ಬೀಳುತ್ತೆ.

ಈಗ ಮೊದಲ ವಿಸಿಟ್‌ನಲ್ಲಿ ಥ್ರಸ್ಟ್ (ಒಮ್ಮೆಲೇ ಕೊಡೋ ಚುರುಕಾದ ಒತ್ತು) ಇಲ್ವೇ ಇಲ್ಲ, ಉಸಿರು ಬಿಡೋವಾಗ ಮೆತ್ತಗೆ ಮೊಬಿಲೈಸೇಶನ್, ಅಂದ್ರೆ ಕೀಲನ್ನ ನಿಧಾನಕ್ಕೆ ಆಡಿಸೋದು ಅಷ್ಟೆ. ಎರಡನೇ ಸಲ ಆ ಒಂದೇ ಪಕ್ಕೆಲುಬಿಗೆ ಸಣ್ಣ ಥ್ರಸ್ಟ್, ಆಮೇಲೆ ಕಂಕುಳ ಕಡೆಯಿಂದ ಪೆಕ್ಟೊರಾಲಿಸ್ ಮೈನರ್, ಸೆರಾಟಸ್ ಅನ್ನೋ ಎದೆ-ಪಕ್ಕೆಯ ಮಾಂಸಖಂಡಗಳನ್ನ ಸಡಿಲಿಸ್ತೀನಿ. ಮೂಳೆ ಸವೆದವರಿಗೆ, ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡವರಿಗೆ ಥ್ರಸ್ಟ್ ಕೊಡಲ್ಲ. ಕೊನೇಲಿ ಒಂದು ಲಿಫ್ಟ್ (ಎತ್ತೋ ಪಟ್ಟು) ಇದೆ, ಅದರಲ್ಲಿ ಕೈ ಎಲ್ಲಿಡ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ಪಕ್ಕದಲ್ಲಿ ನಿಂತು ನೋಡೋರಿಗೆ ತೋರಿಸ್ತೀನಿ. ಸುಮಾರು 40 ಜನರಲ್ಲಿ 30ರ ಹತ್ರ ಜನಕ್ಕೆ 5-6 ವಿಸಿಟ್‌ನಲ್ಲೇ ಚೆನ್ನಾಗಿ ಕಮ್ಮಿ ಆಯ್ತು, ನನ್ನ ಸುತ್ತಮುತ್ತ ಬೇರೆ ಯಾರೂ ಇಷ್ಟು ತಂದಿದ್ದು ನಾ ಕಾಣೆ.

ಸೋತಿದ್ದೂ ಇದೆ. ಒಬ್ಬರಿಗೆ ಒಂದೇ ಪಕ್ಕ ಪಟ್ಟಿ ಕಟ್ಟಿದಂಗೆ ಉರಿ, ಮಾಂಸಖಂಡದ್ದು ಅಂತ ಎರಡು ಸಲ ಟ್ರೀಟ್ ಮಾಡ್ದೆ, ಮೂರನೇ ದಿನ ಸರ್ಪಸುತ್ತಿನ ಗುಳ್ಳೆ ಎದ್ದವು. ಇವತ್ತಿಗೂ ಬೇಜಾರಿದೆ. ಈಗ ಉರಿ ಅಂದ್ರೆ ಮೊದಲು ಬಟ್ಟೆ ಸರಿಸಿ ಚರ್ಮ ನೋಡ್ತೀನಿ, ಏನೂ ಕಾಣದಿದ್ರೂ 4-5 ದಿನ ಕಾಯ್ತೀನಿ. ಕೀಲು ಊದಿ ಕಣ್ಣಿಗೇ ಕಾಣ್ತಿದ್ರೆ ಅದು ಟೀಟ್ಸೆ (ಪಕ್ಕೆಲುಬಿನ ಮೃದ್ವಸ್ಥಿ ಊದಿ ನೋಯೋ ಕಾಯಿಲೆ) ಇರಬಹುದು, ನಾನು ಮುಟ್ಟಲ್ಲ. ಕೆಳಗಿನ ಪಕ್ಕೆಲುಬು ಜಾರಿ ಕಟಕ್ ಅನ್ನೋ ಕೇಸ್‌ಗಳಲ್ಲಿ ಇವತ್ತು ಸರಿಹೋದ್ರೆ ನಾಳೆ ಮತ್ತೆ ಅದೇ.

ಟೇಪ್ ಹಚ್ಚೋದೂ ಒಂದು ತಿಂಗಳು ಮಾಡ್ದೆ, ಚರ್ಮ ಕೆರೆತ ಬಂದಿದ್ದೇ ಲಾಭ, ಬಿಟ್ಟೆ. ಆದ್ರೆ ದರ್ಜಿ ಟೇಪ್ ಉಪಯೋಗಕ್ಕೆ ಬಂತು, ಎಲ್ಲರಿಗೂ ಉಸಿರು ಪೂರ್ತಿ ಬಿಟ್ಟಾಗ ಒಂದ್ಸಲ, ಪೂರ್ತಿ ಎಳೆದಾಗ ಒಂದ್ಸಲ ಎದೆ ಸುತ್ತಳತೆ ತೆಗೀತೀನಿ. ಒಬ್ಬ ಹುಡುಗನಿಗೆ ಎದೆ ಹಿಗ್ಗಿದ್ದು 2 ಸೆಂಟಿಮೀಟರ್ ಇರ್ಬೇಕು ಅಷ್ಟೆ, ಬೆಳಗ್ಗೆ ಎದ್ರೆ ಒಂದು ಗಂಟೆ ಬೆನ್ನು ಸೆಟೆದುಕೊಂಡಿರುತ್ತೆ ಅಂದ. ಕೈ ಹಾಕದೆ ಸಂಧಿವಾತದ ಡಾಕ್ಟ್ರ ಹತ್ರ ಕಳಿಸ್ದೆ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆ ಕೀಲುಗಳು ಉರಿಯೂತದಿಂದ ಬಿಗಿಯಾಗ್ತಾ ಹೋಗೋ ಕಾಯಿಲೆ) ಅಂತ ಆಯ್ತು.

ಈಗ ಕೆಮ್ಮು ಹೋದ್ಮೇಲೂ ಉಳಿಯೋ ಪಕ್ಕೆನೋವಿಗೆ ಇದನ್ನೇ ನೋಡ್ತಿದೀನಿ, ಐದಾರು ಜನ ಆಗಿದಾರೆ. ಜೋರು ಕೆಮ್ಮಿಗೇ ಪಕ್ಕೆಲುಬು ಬಿರುಕು ಬಿಟ್ಟಿರಬಹುದು, ಎಕ್ಸ್‌ರೇಲಿ ಕಾಣದೆನೂ ಇರಬಹುದು, ಹಾಗಾಗಿ ಒಂದೇ ಚುಕ್ಕಿಯಲ್ಲಿ ಸೂಜಿ ಚುಚ್ಚಿದಂಗೆ ನೋವು ಅಂದವರನ್ನ ಹಂಗೇ ವಾಪಸ್ ಕಳಿಸ್ತೀನಿ.