ಹಳೆಯ ಮರ್ಸಿಡಿಸ್‌ನಲ್ಲಿ ಸೀದ ವಾಸನೆ: ನಾನು ಮೂಲ ಹುಡುಕಿದ ಬಗೆ

ನನ್ನದು 1996ರ ಮರ್ಸಿಡಿಸ್ ಇ220, ಆಟೋಮ್ಯಾಟಿಕ್. ಕಾರಿನ ಗೀಳು ಹತ್ತಿದವರು ಡಬ್ಲ್ಯೂ124 ಎಂದೇ ಕರೆಯುವ ಮಾದರಿ. ಮೂವತ್ತರ ಆಸುಪಾಸಿಗೆ ಬಂದ ಯಾವ ಕಂಪನಿಯ ಕಾರಿನಲ್ಲಾದರೂ ರಬ್ಬರ್ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಎಣ್ಣೆ ಜಿನುಗುತ್ತದೆ. ಎಣ್ಣೆ ಜಿನುಗುವ ಕಡೆಯ ಪ್ಯಾಕಿಂಗ್ (ಎರಡು ಭಾಗಗಳ ನಡುವೆ ಎಣ್ಣೆ ತಡೆಯುವ ಗ್ಯಾಸ್ಕೆಟ್) ಬದಲಿಸುವುದು ಅರ್ಧ ದಿನದ ಕೆಲಸ. ಯಾವ ಪ್ಯಾಕಿಂಗ್ ಅಂತ ಖಚಿತ ಮಾಡಿಕೊಳ್ಳುವುದಕ್ಕೇ ನನಗೆ ವಾರಗಳು ಹಿಡಿದವು, ಆ ವಾರಗಳ ಬಗ್ಗೆ ನನಗೆ ಬೇಸರವಿಲ್ಲ.

ವಾಸನೆ ಬರುತ್ತಿದ್ದದ್ದು ಓಡುವಾಗಲ್ಲ, ನಿಂತಾಗ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದರೆ ಎಸಿ ಕಿಂಡಿಯಿಂದ ಒಗ್ಗರಣೆ ಸೀದ ಹಾಗೆ ಘಾಟು. ಇದರಲ್ಲೇ ಒಂದು ಸುಳಿವಿತ್ತು. ಕಾರಿನೊಳಕ್ಕೆ ಗಾಳಿ ಬರುವುದು ಮುಂಗಾಜಿನ ಬುಡದಿಂದ, ಅಂದರೆ ಇಂಜಿನ್ನಿನ ಬೆನ್ನಿಗೇ. ಓಡುವಾಗ ಗಾಳಿ ಹೊಗೆಯನ್ನು ಕೆಳಗೆ ಎಳೆದೊಯ್ಯುತ್ತದೆ; ನಿಂತೊಡನೆ ಅದು ಮೇಲಕ್ಕೆ ಬಂದು ಆ ಕಿಂಡಿಗೆ ನುಗ್ಗುತ್ತದೆ. ಇಂಜಿನ್ ಆಯಿಲ್ ಹೊಗೆಯಾಡಿ ಹೊತ್ತಿಕೊಳ್ಳುವ ಹಂತ ಮುಟ್ಟಬೇಕಾದರೆ 200 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಷ್ಟು ಬಿಸಿಯಾಗುವ ಜಾಗ ಬಾನೆಟ್ ಕೆಳಗೆ ಒಂದೇ: ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆ ಹೊರಬರುವ ಕವಲು ಕೊಳವೆ) ಮತ್ತು ಅದರಿಂದ ಇಳಿಯುವ ಪೈಪು. ಹಾಗಾಗಿ ಎಣ್ಣೆ ಅದರ ಮೇಲೆಯೇ ಬೀಳುತ್ತಿರಬೇಕು, ಅದಕ್ಕಿಂತ ಎತ್ತರದಿಂದಲೇ ಬರುತ್ತಿರಬೇಕು.

ಬೇರೆ ವಾಸನೆಗಳನ್ನೂ ಒಂದೊಂದಾಗಿ ತಳ್ಳಿಹಾಕಿದೆ. ಕೂಲಂಟ್ ಆದರೆ ಸಿಹಿ ಸಿಹಿ ವಾಸನೆ. ಹೀಟರ್ ಒಳಗೇ ಸೋರಿದರೆ ಮುಂಗಾಜಿನ ಒಳಮೈಗೆ ಜಿಡ್ಡು ಮಂಜು ಕಟ್ಟುತ್ತದೆ, ಒರೆಸಿದರೂ ಹೋಗುವುದಿಲ್ಲ. ಬ್ರೇಕ್ ಕ್ಯಾಲಿಪರ್ ಕಚ್ಚಿಕೊಂಡಿದ್ದರೆ ಘಾಟು ಒಂದೇ ಚಕ್ರದ ಬಳಿ ಗಾಢವಾಗಿರುತ್ತದೆ, ಆ ಚಕ್ರದ ಬಿಸಿ ಕೈ ಹತ್ತಿರ ಹಿಡಿದರೇ ಗೊತ್ತಾಗುತ್ತದೆ. ಕೊಳೆತ ಮೊಟ್ಟೆ ವಾಸನೆಯಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಡೆ ನೋಡಬೇಕು. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಮಾತ್ರ ಹುಡುಕಾಟವೇ ಬೇಡ: ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ. ಆಮೇಲೆ ಉಳಿದದ್ದು.

ಗ್ಯಾರೇಜಿನಲ್ಲಿ ಕಾರಿನಡಿ ಟಾರ್ಚ್ ಹಾಕಿ ನೋಡಿದವರು, ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸರ್, ಹೆಡ್ ಎತ್ತಲೇಬೇಕು’ ಅಂದರು. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಅದರಡಿಯ ಪ್ಯಾಕಿಂಗೇ ಹೆಡ್ ಗ್ಯಾಸ್ಕೆಟ್. ಅಡಿಯಲ್ಲೆಲ್ಲ ಎಣ್ಣೆ ಹರಡಿದ್ದು ನಿಜ. ಆದರೆ ಓಡುವ ಕಾರಿನ ಅಡಿ ನೋಡಿ ತೀರ್ಪು ಕೊಡಲಾಗದು. ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ. ತೊಟ್ಟಿಕ್ಕುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ನಾನು ಮೊದಲು ಮಾಡಿದ್ದು ತೊಳೆಯುವುದು. ಇಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್, ಕಾಯಿಲ್, ಫ್ಯೂಸ್ ಬಾಕ್ಸ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿ, ಡೀಗ್ರೀಸರ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆದೆ. ಪ್ರೆಷರ್ ವಾಷರ್ ಬೇಡವೇ ಬೇಡ, ಹಳೆಯ ವೈರಿಂಗ್ ಅದನ್ನು ತಾಳದು. ಒಣಗಿದ ಮೇಲೆ ಆಯಿಲ್‌ಗೆ ಯುವಿ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ) ಬೆರೆಸಿ, ಊರಿನಲ್ಲೇ ಕೆಲವು ದಿನ ಓಡಿಸಿ, ರಾತ್ರಿ ಹಳದಿ ಕನ್ನಡಕ ಹಾಕಿಕೊಂಡು ಯುವಿ ಟಾರ್ಚ್ ಹಿಡಿದೆ.

ಹೆಡ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂಬದಿ ಮೂಲೆಯಲ್ಲಿ, ಕಣ್ಣಿಗೆ ನೇರ ಕಾಣದ ಕಡೆ, ಹಲ್ಲುಜ್ಜುವ ಬ್ರಷ್ಷಿನಷ್ಟು ಗಾತ್ರದ ಕನ್ನಡಿ ಇಟ್ಟಾಗ ಹಸಿರು ಹಳದಿ ಗೆರೆಯೊಂದು ಹೊಳೆಯಿತು. ಅದು ಹೆಡ್‌ನ ಅಂಚಿನಲ್ಲಿ ಸಾಗಿ, ಒಂದು ಬೋಲ್ಟಿನ ತಲೆಯ ಬಳಿ ಹನಿಯಾಗಿ ದಪ್ಪಗಾಗಿ, ಅಲ್ಲಿಂದ ಮ್ಯಾನಿಫೋಲ್ಡ್ ಮೇಲಿನ ತಗಡಿಗೆ ಬೀಳುತ್ತಿತ್ತು. ತಗಡಿನ ಮೇಲೆ ಕಂದು ಬಣ್ಣದ ಗಟ್ಟಿ ವಾರ್ನಿಷ್. ಹೆಡ್ ಗ್ಯಾಸ್ಕೆಟ್ಟಿನ ಸಾಲು ಒಣ ಒಣ.

ಪ್ಯಾಕಿಂಗ್ ತರುವ ಮೊದಲು ಬ್ರೀದರ್ ಪೈಪ್ (ಇಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸ್‌ನ ಗಾಳಿ ಹೊರಹೋಗುವ ಕೊಳವೆ) ಬಿಚ್ಚಿ ನೋಡಿದೆ, ಎಲ್ಲರೂ ಮಾಡಬೇಕಾದ ಕೆಲಸವಿದು. ಅದು ಕರಿ ಜಿಡ್ಡಿನಿಂದ ಕಟ್ಟಿಕೊಂಡಿತ್ತು. ಕ್ರ್ಯಾಂಕ್‌ಕೇಸ್‌ನ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಕಟ್ಟಿ, ದುರ್ಬಲವಾದ ಪ್ಯಾಕಿಂಗ್ ಯಾವುದೋ ಅದನ್ನೇ ಒತ್ತಿ ಎಣ್ಣೆ ಹೊರಬರುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೂ ಮತ್ತೆ ಅದೇ ಕಥೆ. ಪೈಪ್ ಸ್ವಚ್ಛ ಮಾಡಿ, ಗ್ಯಾಸ್ಕೆಟ್ ಜೊತೆಗೆ ಸ್ಪಾರ್ಕ್ ಪ್ಲಗ್ ಗುಂಡಿಗಳ ಸೀಲ್‌ಗಳನ್ನೂ ಹಾಕಿದೆ. ಹಳೆಯದು ಕೈಯಲ್ಲಿ ಬಾಗಿಸಿದರೆ ಚಟ್ ಅಂತ ಮುರಿಯಿತು. ಬೋಲ್ಟ್‌ಗಳು ಸಣ್ಣವು, 9-10 ನ್ಯೂಟನ್ ಮೀಟರ್ ಬಿಗಿತ ಸಾಕು, ಮಧ್ಯದಿಂದ ಹೊರಕ್ಕೆ. ಸೋರುತ್ತಿದೆಯೆಂದು ಬಲವಾಗಿ ಬಿಗಿದರೆ ಕವರ್ ಸೊಟ್ಟಗಾಗುತ್ತದೆ.

ಘಾಟು ನಿಂತಿತು. ನೆಲಕ್ಕೆ ಹಾಸಿದ್ದ ರಟ್ಟಿನ ಮೇಲೆ ಕೆಂಪು ಚುಕ್ಕೆ ಮಾತ್ರ ನಿಲ್ಲಲಿಲ್ಲ. ನನ್ನ ಕಾರಿನಲ್ಲಿ ಪವರ್ ಸ್ಟೀರಿಂಗ್‌ಗೂ ಗೇರ್‌ಬಾಕ್ಸ್‌ಗೂ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಇರುವುದರಿಂದ ಬಣ್ಣ ನೋಡಿ ಪ್ರಯೋಜನವಿಲ್ಲ. ರಟ್ಟಿನ ಮೇಲೆ ನಾಲ್ಕು ಚಕ್ರಗಳ ಗುರುತು ಬರೆದಿಟ್ಟದ್ದು ಇಲ್ಲಿ ಕೈಹಿಡಿಯಿತು: ಚುಕ್ಕೆ ಮುಂದಿನ ಆಕ್ಸೆಲ್‌ನ ಸಾಲಿನಲ್ಲಿತ್ತು, ಗೇರ್‌ಬಾಕ್ಸ್ ಅದಕ್ಕಿಂತ ಹಿಂದೆ. ಒಬ್ಬರನ್ನು ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಕ್ಷಣ ಹಿಡಿಯಲು ಹೇಳಿ ನೋಡಿದರೆ ಹೈ ಪ್ರೆಷರ್ ಹೋಸ್‌ನ ಕ್ರಿಂಪ್ (ಹೋಸನ್ನು ಲೋಹದ ತುದಿಗೆ ಅದುಮಿ ಕೂರಿಸಿದ ಜಾಗ) ಬಳಿ ಒದ್ದೆ ಕಾಣಿಸಿತು. ಹೋಸ್ ಬದಲಾಯಿತು.

ಈ ಕಾಲದ ಮರ್ಸಿಡಿಸ್ ಆಟೋಮ್ಯಾಟಿಕ್ ಇರುವವರಿಗೆ ಇನ್ನೊಂದು ಮಾತು. ಎಟಿಎಫ್ ಕಡಿಮೆಯಾಗುತ್ತಿದೆ, ನೆಲದಲ್ಲಿ ಒಂದು ಹನಿಯೂ ಇಲ್ಲ, ಸೈಲೆನ್ಸರಿನಲ್ಲಿ ಬಿಳಿಹೊಗೆ ಇದೆ ಅಂದರೆ ಗೇರ್‌ಬಾಕ್ಸ್ ಪಕ್ಕದ, ಇಂಜಿನ್ನಿನ ಹೀರುವಿಕೆಗೆ ತಕ್ಕಂತೆ ಗೇರ್ ಬದಲಾವಣೆಯನ್ನು ಹದಗೊಳಿಸುವ ವ್ಯಾಕ್ಯೂಮ್ ಮಾಡ್ಯುಲೇಟರ್‌ನ ಪುಟ್ಟ ಪೈಪ್ ಎಳೆದು ನೋಡಿ. ಅದರೊಳಗೆ ಎಣ್ಣೆ ಇದ್ದರೆ ಒಳಗಿನ ರಬ್ಬರ್ ಪೊರೆ (ಡಯಾಫ್ರಂ) ಹರಿದಿದೆ, ಇಂಜಿನ್ ಅದನ್ನು ಹೀರಿ ಸುಡುತ್ತಿದೆ.

ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಹಿಂದಿನ ಆಯಿಲ್ ಸೀಲ್ ಸ್ವಲ್ಪ ಬೆವರುತ್ತಿದೆ, ಹನಿ ಬೀಳುವಷ್ಟಲ್ಲ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಆ ಕೆಲಸಕ್ಕೆ ಈಗ ಕೈ ಹಾಕುತ್ತಿಲ್ಲ. ತಿಂಗಳಿಗೊಮ್ಮೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಗೇರ್‌ಬಾಕ್ಸ್ ಬೇರೆ ಕಾರಣಕ್ಕೆ ಇಳಿದ ದಿನ ಅದೂ ಬದಲಾಗುತ್ತದೆ.