ಮೈದಾ ಹಿಟ್ಟು, ಅಕ್ರೋಟಿನ ಚಿಪ್ಪು, ಎಂಜಲು: ಹಳೆಯ ಪಿನ್‌ಬಾಲ್ ಯಂತ್ರದ ಕೊಳೆ ಬಿಡಿಸಿದ ನನ್ನ ಅನುಭವ

ಷಿಕಾಗೋ ನಗರದ ಪಶ್ಚಿಮಕ್ಕಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಆ ಯಂತ್ರವನ್ನು ಇಳಿಸಿಕೊಂಡು ಮೇಲಿನ ಗಾಜನ್ನು ಸರಿಸಿ ನೋಡಿದಾಗ, ಇಸ್ಪೀಟಿನ ರಾಜ ರಾಣಿಯರ ಚಿತ್ರವಿರಬೇಕಾದ ಹಲಗೆಯ ಮೇಲೆ ಕಂಡದ್ದು ಡಿಕಾಕ್ಷನ್ ಬಣ್ಣದ ಒಂದು ಪೊರೆ ಮಾತ್ರ. ಅದು ಗಾಟ್ಲೀಬ್ ಕಂಪನಿ 1965ರಲ್ಲಿ ತಯಾರಿಸಿದ ‘ಕಿಂಗ್ಸ್ ಅಂಡ್ ಕ್ವೀನ್ಸ್’. ಮೊದಲು ಯಾವುದೋ ಬಾರಿನಲ್ಲಿ ದುಡಿದು, ಆಮೇಲೆ ವಿಸ್ಕಾನ್ಸಿನ್ ರಾಜ್ಯದ ರೈತರೊಬ್ಬರ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಂಬ ಮೂರು ದೊಡ್ಡ ಕಂಪನಿಗಳೂ ಷಿಕಾಗೋದವೇ ಆದ್ದರಿಂದ ಈ ಸೀಮೆಯ ನೆಲಮಾಳಿಗೆಗಳಲ್ಲಿಯೂ ಕೊಟ್ಟಿಗೆಗಳಲ್ಲಿಯೂ ಇಂಥ ಯಂತ್ರಗಳು ಇನ್ನೂ ಸಿಗುತ್ತವೆ. ಸಿಗುವಾಗ ಹೆಚ್ಚಾಗಿ ಈ ಸ್ಥಿತಿಯಲ್ಲಿಯೇ ಸಿಗುತ್ತವೆ.

ಪಿನ್‌ಬಾಲ್ ನೋಡದವರಿಗಾಗಿ ಒಂದು ಮಾತು. ಇಳಿಜಾರಾಗಿ ಕೂರಿಸಿದ ಪ್ಲೈವುಡ್ ಹಲಗೆಯ ಮೇಲೆ 27 ಮಿಲಿಮೀಟರ್ ಅಡ್ಡಳತೆಯ, ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ಓಡುತ್ತದೆ. ಅದು ಕೆಳಗೆ ಜಾರಿಹೋಗದಂತೆ ಆಟಗಾರನು ಫ್ಲಿಪ್ಪರ್ ಎಂಬ ಎರಡು ಕೈಗಳಿಂದ ಅದನ್ನು ಮೇಲಕ್ಕೆ ಹೊಡೆಯುತ್ತಿರಬೇಕು. 1970ರ ದಶಕದ ಉತ್ತರಾರ್ಧದವರೆಗೆ ಇವುಗಳೊಳಗೆ ಕಂಪ್ಯೂಟರ್ ಇರಲಿಲ್ಲ. ರಿಲೇ ಎಂಬ ವಿದ್ಯುತ್ ಸ್ವಿಚ್ಚು, ಕಾಯಿಲ್ ಎಂಬ ತಂತಿಯ ಸುರುಳಿ, ಅಂಕಿಗಳ ಚಕ್ರ, ಗಂಟೆ ಇವುಗಳಿಂದಲೇ ಎಲ್ಲ ಲೆಕ್ಕವೂ ನಡೆಯುತ್ತಿತ್ತು. ಹಲಗೆಯ ಚಿತ್ರವನ್ನು ನೇರವಾಗಿ ಮರದ ಮೇಲೆ ಬಣ್ಣದಿಂದ ಅಚ್ಚೊತ್ತಿ, ಅದರ ಮೇಲೆ ತೆಳ್ಳಗೆ ಮೆರುಗೆಣ್ಣೆ ಬಳಿದಿರುತ್ತಾರೆ. ಆ ಮೆರುಗೆಣ್ಣೆ ಐವತ್ತು ಅರವತ್ತು ವರ್ಷಗಳಲ್ಲಿ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಕೊಳೆ ಮೇಲೆ ಕೂತಿರುವುದಿಲ್ಲ, ಆ ಬಿರುಕುಗಳೊಳಗೆ ಇಳಿದಿರುತ್ತದೆ. ಇದು ಅರ್ಥವಾಗುವ ಮೊದಲು ನಾನು ಮಾಡಿದ ತಪ್ಪನ್ನು ಮುಂದೆ ಹೇಳುತ್ತೇನೆ.

ಕೊಳೆಯೂ ಒಂದೇ ಬಗೆಯದಲ್ಲ. ಬಾರಿನ ಸಿಗರೇಟಿನ ಹೊಗೆಯಿಂದ ಬಂದ ಅಂಟಾದ ಹಳದಿ ಪೊರೆ ಒಂದು. ಕಾಯಿಲುಗಳೊಳಗೆ ಕಬ್ಬಿಣದ ಸರಳು ಸವೆದು ಉದುರಿದ ಕಪ್ಪು ಲೋಹದ ಪುಡಿ ಮತ್ತೊಂದು. ರಬ್ಬರ್ ಉಂಗುರಗಳು ಕರಗಿ ಬಿಟ್ಟ ಜಿಡ್ಡು, ಹಳದಿಯಾದ ಹಳೆಯ ಮೇಣ, ಬಲ್ಬುಗಳ ಕಾವಿಗೆ ಕಂದಿದ ಕಲೆ ಬೇರೆ. ಒಂದಕ್ಕೆ ಒಗ್ಗುವ ಮದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ.

ನಮ್ಮ ಯಂತ್ರದಲ್ಲಿ ಎಲ್ಲಕ್ಕಿಂತ ಮೊದಲು ಎದುರಿಸಬೇಕಾಗಿ ಬಂದದ್ದು ಇಲಿ. ಪೆಟ್ಟಿಗೆಯ ತಳದಲ್ಲಿ ಹರಿದ ಬಟ್ಟೆ, ಹುಲ್ಲು, ಹಿಕ್ಕೆ ಸೇರಿದ ಗೂಡೊಂದಿತ್ತು. ಇದನ್ನು ಯಾರೂ ಒಣಗಿದಂತೆಯೇ ಗುಡಿಸಬಾರದು, ವ್ಯಾಕ್ಯೂಮ್ ಹಾಕಲೂಬಾರದು. ಅಮೆರಿಕದಲ್ಲಿ ಇಲಿಯ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ಎಂಬ ವೈರಾಣು ತಗುಲಿ ಶ್ವಾಸಕೋಶದ ಮಾರಕ ಕಾಯಿಲೆ ಬರಬಹುದು. ಗ್ಯಾರೇಜಿನ ಬಾಗಿಲು ತೆರೆದು, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಗೂಡು ಪೂರ್ತಿ ತೊಯ್ಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಕಾಗದದಲ್ಲಿ ಬಾಚಿ ಚೀಲಕ್ಕೆ ಕಟ್ಟಿದೆ. ಬ್ಲೀಚ್ ತಾಕಿದ್ದು ಬರೀ ಮರದ ತಳಕ್ಕೆ ಮಾತ್ರ. ರಿಲೇಗಳಿದ್ದ ಹಲಗೆಯನ್ನು ಮೊದಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ, ಏಕೆಂದರೆ ಬ್ಲೀಚ್ ತಾಮ್ರವನ್ನು ತಿನ್ನುತ್ತದೆ.

ಪೆಟ್ಟಿಗೆಯ ಹೊರಮೈಗೆ ನೀರು ತಾಕಿಸಲಿಲ್ಲ. ಬೆಂಕಿಯಾದ ಮನೆಗಳ ಗೋಡೆಯಿಂದ ಮಸಿ ತೆಗೆಯುವವರು ಬಳಸುವ ಒಣ ರಬ್ಬರ್ ಸ್ಪಂಜು ಇಲ್ಲಿನ ಬಣ್ಣದ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಒತ್ತದೆ, ಒಂದೇ ದಿಕ್ಕಿನಲ್ಲಿ ಎಳೆಯುತ್ತ ಹೋದರೆ ಸ್ಪಂಜು ಕಪ್ಪಾಗುತ್ತದೆ, ಪೆಟ್ಟಿಗೆ ಬೆಳ್ಳಗಾಗುತ್ತದೆ. ಕಪ್ಪಾದ ಭಾಗವನ್ನು ಚಾಕುವಿನಿಂದ ಸೀಳಿ ಎಸೆದು ಹೊಸ ಮುಖದಲ್ಲಿ ಮುಂದುವರಿಯಬೇಕು.

ತುಕ್ಕು ಹಿಡಿದ ತಿರುಪು, ಕಂಬ, ತಂತಿಯ ಗೇಟು, ಫ್ಲಿಪ್ಪರಿನ ತೋಳು ಇವನ್ನೆಲ್ಲ ಒಂದೊಂದಾಗಿ ಉಜ್ಜಲು ಕೂತರೆ ತಿಂಗಳು ಸಾಲದು. ಬಂದೂಕಿನ ಹಿತ್ತಾಳೆ ತೋಟೆಗಳನ್ನು ಹೊಳಪಿಸಲು ಇಲ್ಲಿನ ಬೇಟೆಗಾರರು ಬಳಸುವ, ಬಕೆಟ್ಟಿನಂಥ, ವಿದ್ಯುತ್ತಿನಿಂದ ಅದುರುವ ಒಂದು ಪಾತ್ರೆಯಿದೆ. ಅದರಲ್ಲಿ ಅಕ್ರೋಟಿನ ಚಿಪ್ಪಿನ ತರಿ ತುಂಬಿ, ಒಂದು ಚಮಚ ಲೋಹದ ಪಾಲಿಶ್ ಹಾಕಿ, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಸುವಾಸನೆಯ ಹಾಳೆಯ ಒಂದು ತುಂಡನ್ನು ಧೂಳು ಹೀರಲೆಂದು ಸೇರಿಸಿ, ರಾತ್ರಿ ಚಾಲೂ ಮಾಡಿ ಮಲಗಿದರೆ, ಮರುದಿನ ಸಂಜೆಗೆ ತಿರುಪುಗಳು ಹೊಸ ಬೆಳ್ಳಿಯ ಹಾಗೆ ಹೊರಬರುತ್ತವೆ. ತೋಟೆಗಳಿಗೆ ಬಳಸಿದ ಹಳೆಯ ತರಿಯನ್ನು ಅಗ್ಗವೆಂದು ಕೊಳ್ಳಬಾರದು, ಅದರಲ್ಲಿ ಸೀಸದ ಪುಡಿ ಇರುತ್ತದೆ. ತಿರುಪಿನ ತಲೆಯ ಸೀಳಿನಲ್ಲಿ ಕಚ್ಚಿಕೊಂಡ ಚೂರುಗಳನ್ನು ಹಲ್ಲುಕಡ್ಡಿಯಿಂದ ತೆಗೆಯುವ ಕೆಲಸವನ್ನು ನನ್ನ ಮಗಳು ವಹಿಸಿಕೊಂಡಿದ್ದಳು.

ಈಗ ಹಲಗೆಯ ವಿಷಯ. ಮೆಲಮೈನ್ ಸ್ಪಂಜನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಉಜ್ಜಿದರೆ ಎಂಥ ಕೊಳೆಯೂ ಬರುತ್ತದೆ ಎಂದು ಈ ಹವ್ಯಾಸದವರು ಹೇಳುವುದುಂಟು. ಮಾತು ನಿಜ. ಆದರೆ ಆ ಸ್ಪಂಜು ಅತಿ ನಯವಾದ ಉಪ್ಪುಕಾಗದವೇ ಸರಿ. ಕೊಳೆಯೊಡನೆ ಮೆರುಗೆಣ್ಣೆಯನ್ನೂ ಕೆರೆಯುತ್ತದೆ, ಆಲ್ಕೋಹಾಲು ಅದನ್ನು ಮೆತ್ತಗೆ ಮಾಡುತ್ತದೆ. ಗುಂಡು ಬೀಳುವ ಒಂದು ಕುಳಿಯ ಅಂಚಿನಲ್ಲಿ ಹತ್ತು ಹನ್ನೆರಡು ಸಲ ಉಜ್ಜುವಷ್ಟರಲ್ಲಿ ಬಿಳಿಯ ಸ್ಪಂಜಿನ ಮೂಲೆ ನಸುಗೆಂಪಾಯಿತು. ಅದು ಕೊಳೆಯ ಬಣ್ಣವಲ್ಲ, ರಾಣಿಯ ಉಡುಪಿನ ಕೆಂಪು. ಆ ಕ್ಷಣವೇ ಕೈ ತೆಗೆದೆ. ಕಾಲು ಅಂಗುಲದಷ್ಟು ಜಾಗದಲ್ಲಿ ಬರೀ ಮರ ಉಳಿದಿತ್ತು. ಬಿರುಕು ಬಿಟ್ಟ ಮೆರುಗೆಣ್ಣೆಯ ಮೇಲೆ ಅಂದಿನಿಂದ ಆ ಸ್ಪಂಜನ್ನು ಬಳಸಿಲ್ಲ.

ಆಮೇಲೆ ಹಿಡಿದ ದಾರಿ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ವರ್ಣಚಿತ್ರಗಳನ್ನು ಕಾಪಾಡುವವರದು. ಮೊದಲು ಹತ್ತಿಗೆ ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕವನ್ನು ಸ್ವಲ್ಪ ಸೋಕಿಸಿ ಮೇಣವನ್ನೂ ರಬ್ಬರಿನ ಜಿಡ್ಡನ್ನೂ ಎತ್ತಿದೆ. ಅದು ಹೋದ ಮೇಲೆ ಉಳಿದ ಹೊಗೆಯ ಪೊರೆಗೆ ಬಳಸಿದ್ದು ಎಂಜಲು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಕೊಳೆಯನ್ನು ಸಡಿಲಿಸುತ್ತದೆ, ಬಣ್ಣವನ್ನು ಮಾತ್ರ ಕದಡುವುದಿಲ್ಲ. ಪೋರ್ಚುಗಲ್‌ನ ಮೂವರು ಸಂಶೋಧಕರು ಇದನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ್ದರು. ಆ ಕೆಲಸಕ್ಕೆ 2018ರಲ್ಲಿ ಇಗ್ ನೊಬೆಲ್ ಪ್ರಶಸ್ತಿ ಬಂತು. ಪ್ರಶಸ್ತಿ ತಮಾಷೆಯದಾದರೂ ವಿಧಾನ ತಮಾಷೆಯದಲ್ಲ.

ಊಟ ಮಾಡಿ ಅರ್ಧ ಗಂಟೆ ಕಳೆದ ಮೇಲೆ ಬಾಯಿ ಮುಕ್ಕಳಿಸಿ, ಒಂದು ಚಿಕ್ಕ ಬಟ್ಟಲಿನಲ್ಲಿ ಎಂಜಲು ತೆಗೆದುಕೊಳ್ಳುತ್ತಿದ್ದೆ. ಕೊಳೆ ಮುಟ್ಟಿದ ಹತ್ತಿಕಡ್ಡಿಯನ್ನು ಮತ್ತೆ ಬಾಯಿಗೆ ಇಡುವುದು ಸಲ್ಲದು. ಇಲಿ ಓಡಾಡಿದ, ಹಳೆಯ ಬಣ್ಣದ ಯಂತ್ರದಲ್ಲಂತೂ ಅದು ಅಪಾಯ. ಹತ್ತಿಕಡ್ಡಿಯನ್ನು ಬಟ್ಟಲಿನ ಅಂಚಿಗೆ ಒತ್ತಿ ಹೆಚ್ಚಿನ ತೇವ ತೆಗೆದು, ಹಲಗೆಯ ಮೇಲೆ ಉಜ್ಜದೆ ಬೆರಳುಗಳ ನಡುವೆ ಹೊರಳಿಸುತ್ತ ಹೋಗಬೇಕು. ಮೊದಲ ಎರಡು ಸುತ್ತಿನಲ್ಲಿ ಏನೂ ಆಗುವುದಿಲ್ಲ. ಮೂರನೆಯ ಸುತ್ತಿಗೆ ಹತ್ತಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ, ಅದರ ಹಿಂದೆಯೇ ಕಡ್ಡಿಯ ಅಗಲದ ಒಂದು ಪಟ್ಟಿಯಲ್ಲಿ ಹಳದಿ ಹೋಗಿ ಬಿಳುಪು ಕಾಣುತ್ತದೆ. ಒಂದು ಚದರ ಅಂಗುಲಕ್ಕೆ ನಾಲ್ಕೈದು ಕಡ್ಡಿ ಬೇಕು. ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಕಡ್ಡಿಯಿಂದ ಒರೆಸಿ, ಆಗಲೇ ಒಣ ಬಟ್ಟೆಯಿಂದ ಒತ್ತಬೇಕು. ತೇವ ಬಿರುಕಿಗೆ ಇಳಿದರೆ ಮರ ಉಬ್ಬಿ ಬಣ್ಣ ಎದ್ದುಬರುತ್ತದೆ.

ಆ ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದರು. ಎಂಜಲು ಮುಸುರೆಯ ನಿಯಮವನ್ನು ಇಂದಿಗೂ ಬಿಡದ ಮನೆ ನಮ್ಮದು. ನಾನು ಮಾಡುತ್ತಿದ್ದುದು ತಿಳಿದಾಗ ಅವರು ಗ್ಯಾರೇಜಿನ ಬಾಗಿಲಲ್ಲೇ ನಿಂತು, “ಎಂಜಲಲ್ಲಿ ಒರೆಸ್ತಿದ್ದೀಯೇನೋ?” ಎಂದರು. ಕಾರಣ ವಿವರಿಸಿದೆ. ಸ್ವಲ್ಪ ಹೊತ್ತು ನೋಡಿ, “ನೀನು ಮಗುವಾಗಿದ್ದಾಗ ಕಾಡಿಗೆ ಕೆನ್ನೆಗೆಲ್ಲ ಮೆತ್ತಿಕೊಂಡ್ರೆ ನಿಮ್ಮಜ್ಜಿ ಸೆರಗಿನ ತುದಿ ನಾಲಿಗೆಗೆ ತಾಕಿಸಿಯೇ ಒರೆಸ್ತಿದ್ದರು” ಎಂದರು. ಮರುದಿನದಿಂದ ಬಳಸಿದ ಕಡ್ಡಿಗಳನ್ನು ಹಾಕಲು ಒಂದು ಹಳೆಯ ಡಬ್ಬಿಯನ್ನು ಅವರೇ ತಂದಿಟ್ಟರು. ಹಲಗೆ ಮುಗಿಯಲು ಏಳು ವಾರಾಂತ್ಯ ಹಿಡಿಯಿತು.

ಹಿಂಬದಿಯ ಚಿತ್ರದ ಗಾಜನ್ನು ಮುಂಭಾಗದಿಂದ ಮಾತ್ರ ಒರೆಸಿದೆ, ಅದೂ ದ್ರಾವಣವನ್ನು ಬಟ್ಟೆಗೆ ಹಾಕಿ. ಬಣ್ಣವಿರುವ ಹಿಂಭಾಗವನ್ನು ಮುಟ್ಟಲೇಬಾರದು. ಅಂಕಿಗಳ ಚಕ್ರಕ್ಕೂ ಗಾಜು ಒರೆಸುವ ದ್ರಾವಣ ಕೂಡದು, ಅಂಕಿಯೇ ಅಳಿದುಹೋಗುತ್ತದೆ.

ಮೈದಾ ಹಿಟ್ಟಿನ ಕೆಲಸ ನಡೆದದ್ದು ಬೇರೆ ಯಂತ್ರದಲ್ಲಿ: ವಿಲಿಯಮ್ಸ್ ಕಂಪನಿಯ 1980ರ ‘ಫೈರ್‌ಪವರ್’. ಅದರ ಹಲಗೆಯ ಸವೆತ ತಡೆಯಲೆಂದು ಹಿಂದಿನ ಮಾಲೀಕರು ಮೈಲಾರ್ ಎಂಬ ಪಾರದರ್ಶಕ ಹಾಳೆ ಅಂಟಿಸಿದ್ದರು. ಅದರ ಅಂಚುಗಳು ಎದ್ದು, ಅಡಿಯಲ್ಲಿ ಕಪ್ಪು ಕೊಳೆ ಸೇರಿತ್ತು. ಬಿಸಿಮಾಡಿ ಎಳೆದರೆ ಬಣ್ಣವೂ ಕಿತ್ತುಬರುವ ಭಯ. ಕಂಪ್ಯೂಟರಿನ ಧೂಳು ಊದುವ ಡಬ್ಬಿಯನ್ನು ತಲೆಕೆಳಗು ಹಿಡಿದು ಒತ್ತಿದರೆ ಅತಿ ತಣ್ಣನೆಯ ದ್ರವ ಬರುತ್ತದೆ. ಅದು ತಾಕಿದ ಕಡೆ ಅಂಟು ಗಡುಸಾಗಿ, ಹಾಳೆ ಹಪ್ಪಳ ಮುರಿದಂತೆ ಸದ್ದು ಮಾಡುತ್ತ ಬಿಟ್ಟುಕೊಳ್ಳುತ್ತದೆ. ಕೈಯಗಲದಷ್ಟು ಜಾಗಕ್ಕೆ ಒಮ್ಮೆ ಸಿಂಪಡಿಸಿ, ಎತ್ತಿ, ಮತ್ತೆ ಸಿಂಪಡಿಸಿ ಹೀಗೆ ಮುಂದುವರಿಯಬೇಕು. ಡಬ್ಬಿಯ ಅನಿಲವೂ ಆಲ್ಕೋಹಾಲೂ ಹೊತ್ತಿಕೊಳ್ಳುವಂಥವು. ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು ಮಾಡುವ ಕೆಲಸವಿದು.

ಹಾಳೆ ಬಂದರೂ ಅಂಟೆಲ್ಲ ಹಲಗೆಯಲ್ಲೇ ಉಳಿಯುತ್ತದೆ. ಅದರ ಮೇಲೆ ಮೈದಾ ಉದುರಿಸಿ, ಆಲ್ಕೋಹಾಲಿನ ಕೆಲವು ಹನಿ ಹಾಕಿ, ಕೈಗವಸು ತೊಟ್ಟ ಬೆರಳಿನಿಂದ ಸುತ್ತು ಸುತ್ತಾಗಿ ತಿಕ್ಕಿದೆ. ಆಲ್ಕೋಹಾಲು ಸಡಿಲಿಸಿದ ಅಂಟು ಹಿಟ್ಟಿಗೆ ಮೆತ್ತಿಕೊಂಡು, ಬೂದು ಬಣ್ಣದ ಸಣ್ಣ ಶಾವಿಗೆ ಎಳೆಗಳಾಗಿ ಹೊಸೆದುಕೊಳ್ಳುತ್ತದೆ. ಅವನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಬಾಚಿ ತೆಗೆದರಾಯಿತು. ಹಿಟ್ಟಿಲ್ಲದೆ ಉಜ್ಜಿದರೆ ಅಂಟು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ, ಅಷ್ಟೇ. ರವೆ ಹಾಕಬಾರದು, ಗೀರು ಬೀಳುತ್ತದೆ. ಒಂದು ಸೇರಿನಷ್ಟು ಮೈದಾ ಖರ್ಚಾಯಿತು. ಈ ಹಲಗೆಯ ಮೆರುಗೆಣ್ಣೆ ಗಟ್ಟಿಯಾಗಿದ್ದುದರಿಂದ ಆಲ್ಕೋಹಾಲನ್ನು ತಾಳಿಕೊಂಡಿತು. 1965ರ ಹಲಗೆಯ ಮೇಲೆ ನಾನು ಇದನ್ನು ಮಾಡುವುದಿಲ್ಲ. ಕೆಲಸ ಮುಗಿದ ಮೇಲೆ ಕುಳಿ, ಸಂದಿಗಳಿಂದ ಹಿಟ್ಟಿನ ಕೊನೆಯ ಕಣವನ್ನೂ ಊದಿ ತೆಗೆದೆ, ಇಲ್ಲವಾದರೆ ಇಲಿಯನ್ನು ನಾವೇ ಕರೆದಂತೆ. ಅದೇ ಯಂತ್ರದ ಸರ್ಕ್ಯೂಟ್ ಬೋರ್ಡಿನ ಮೇಲೆ ಸೋರಿದ್ದ ಆಲ್ಕಲೈನ್ ಬ್ಯಾಟರಿಯ ಹಸಿರು ಕಿಲುಬಿಗೆ ಅಡುಗೆಯ ವಿನಿಗರ್ ಸಾಕಾಯಿತು. ಕ್ಷಾರವನ್ನು ಆಮ್ಲ ಕಳೆಯುತ್ತದೆ, ಆಮೇಲೆ ಬಟ್ಟಿ ಇಳಿಸಿದ ನೀರು, ಕೊನೆಗೆ ಆಲ್ಕೋಹಾಲು.

ಎರಡೂ ಯಂತ್ರಗಳಿಗೆ ಈಗ ಕಾರ್ನೂಬಾ ಮೇಣ ಹಚ್ಚಿದ್ದೇನೆ, ಹೊಸ ಗುಂಡು ಹಾಕಿದ್ದೇನೆ, ಹಳೆಯ ಯಂತ್ರದ 44ನೇ ನಂಬರಿನ ಬಲ್ಬುಗಳನ್ನು ತೆಗೆದು ಕಡಿಮೆ ಕಾವಿನ 47ನ್ನು ಕೂರಿಸಿದ್ದೇನೆ. ರಾಣಿಯ ಉಡುಪಿನಲ್ಲಿ ನಾನು ಕೆರೆದ ಕಡೆ ಹೊಸ ಬಣ್ಣ ತುಂಬಿಲ್ಲ. ಆ ಕುಳಿಯ ಇನ್ನೊಂದು ಅಂಚಿನಲ್ಲಿ ಗುಂಡು ಉರುಳಿ ಉರುಳಿ ಮೂಡಿದ ಕಪ್ಪು ಗೆರೆಯೊಂದಿದೆ. ಅದರಡಿಯ ಮೆರುಗೆಣ್ಣೆ ಪುಡಿಯಾಗುವಷ್ಟು ಒಣಗಿರುವುದರಿಂದ ಎಂಜಲನ್ನೂ ಸೋಕಿಸದೆ ಬಿಟ್ಟಿದ್ದೇನೆ.